ಭುಜಕ್ಕೆ ಬಿದ್ದ ಗುಂಡು ಕಾಲಿಗಿಳಿದ ಪ್ರಕರಣ

1880ರ ಜುಲೈ 27ರಂದು ಅಫ್ಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ಕತೆಗಳ ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಗೆಳೆಯ ಡಾ. ಜಾನ್ ಎಚ್. ವಾಟ್ಸನ್‌ಗೆ ಗುಂಡು ತಗುಲಿತು. ಎಲ್ಲಿಗೆ? 1887ರಲ್ಲಿ ಅಚ್ಚಾದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಪ್ರಕಾರ ಭುಜಕ್ಕೆ. ಮೂಳೆ ಪುಡಿಯಾಗಿತ್ತು, ಗುಂಡು ರಕ್ತನಾಳವನ್ನು ಸವರಿಕೊಂಡು ಹೋಗಿತ್ತು. 1890ರ 'ದಿ ಸೈನ್ ಆಫ್ ಫೋರ್' ಪ್ರಕಾರ ಕಾಲಿಗೆ. ನಡೆಯಲು ಅಡ್ಡಿಯಿಲ್ಲ, ಹವೆ ಬದಲಾದಾಗ ಮಾತ್ರ ನೋವು. ಮುಂದೊಂದು ಕತೆಯ ಹೊತ್ತಿಗೆ ವಾಟ್ಸನ್ ಜಾಣನಾಗಿದ್ದ. ಗುಂಡು 'ಕೈಕಾಲುಗಳಲ್ಲೊಂದರಲ್ಲಿ' ಇದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಜಾರಿಕೊಂಡ.

ಸಾಮಾನ್ಯ ಮನುಷ್ಯ 'ಬರೆದವರಿಗೆ ಮರೆತಿರಬೇಕು' ಅಂದುಕೊಂಡು ಪುಟ ತಿರುಗಿಸುತ್ತಾನೆ. ಶೆರ್ಲಾಕ್ ಹೋಮ್ಸ್ ಅಭಿಮಾನಿಗಳ ಲೋಕದಲ್ಲಿ ಯಾವ ಉತ್ತರ ಬೇಕಾದರೂ ಕೊಡಬಹುದು, ಇದೊಂದನ್ನು ಬಿಟ್ಟು. ಅಲ್ಲಿನ ಮೊದಲ ಕಟ್ಟಳೆ ಹೀಗಿದೆ: ಹೋಮ್ಸ್ ಮತ್ತು ವಾಟ್ಸನ್ ನಿಜವಾಗಿ ಬಾಳಿ ಬದುಕಿದವರು. ಕತೆಗಳನ್ನು ಬರೆದವನು ವಾಟ್ಸನ್. ಲೋಕವೆಲ್ಲ ಲೇಖಕ ಎನ್ನುವ ಸರ್ ಆರ್ಥರ್ ಕಾನನ್ ಡಾಯ್ಲ್ ಅವನ್ನು ಪತ್ರಿಕೆಗೆ ಮುಟ್ಟಿಸುತ್ತಿದ್ದ ಏಜೆಂಟ್, ಅಷ್ಟೇ. ಏಜೆಂಟರಿಗೆ ಮರೆವಿದ್ದರೇನು, ಇಲ್ಲದಿದ್ದರೇನು!

ಹಾಗಾಗಿ ಗುಂಡಿನ ಲೆಕ್ಕ ಒಪ್ಪಿಸಲೇಬೇಕಾಯಿತು. ಒಪ್ಪಿಸಿದ್ದಾರೆ ಕೂಡ. ಗುಂಡು ಒಂದೇ, ವಾಟ್ಸನ್ ಆಗ ಗಾಯಾಳುವಿನ ಮೇಲೆ ಬಗ್ಗಿಕೊಂಡಿದ್ದ, ಆದ್ದರಿಂದ ಭುಜಕ್ಕೆ ಹೊಕ್ಕದ್ದು ಕಾಲಿಗೂ ತಗುಲಿತು ಎಂಬುದು ಒಂದು ಪಕ್ಷ. ಗುಂಡು ಎರಡು, ಎರಡನೆಯದು ಬಿದ್ದ ಜಾಗ ಮರ್ಯಾದಸ್ಥರು ಬಾಯಿಬಿಟ್ಟು ಹೇಳುವಂಥದ್ದಲ್ಲ, ಅದಕ್ಕೇ 'ಕಾಲು' ಎಂದ ಎಂಬುದು ಇನ್ನೊಂದು. ಮೊದಲ ಪಕ್ಷಕ್ಕೆ ಎಷ್ಟು ಬಗ್ಗಿದ್ದ ಎಂಬ ತೊಡಕು, ಎರಡನೆಯದಕ್ಕೆ ಸಾಕ್ಷಿಯ ತೊಡಕು. ಇರುವ ಸಾಕ್ಷಿ ವಾಟ್ಸನ್ ಒಬ್ಬನೇ, ಸುಳ್ಳು ಹೇಳಿದ ಆರೋಪ ಇರುವುದೂ ಅವನ ಮೇಲೆಯೇ.

ಯಾವುದು ಕ್ಯಾನನ್, ಎಂದರೆ ಅಧಿಕೃತ ಕತೆ, ಯಾವುದು ಅಲ್ಲ ಎಂದು ಇಂದು ಎಲ್ಲ ಸಿನಿಮಾ, ಕಾಮಿಕ್ಸ್, ಸೀರಿಯಲ್ ಅಭಿಮಾನಿಗಳೂ ತಲೆ ಚಚ್ಚಿಕೊಳ್ಳುತ್ತಾರಲ್ಲ, ಆ ರೋಗದ ಹಳೆಯ ತವರು ಇದು. ಶುರುವಾದದ್ದು ಗೇಲಿಯಾಗಿ. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ತರುಣ ವಿದ್ವಾಂಸರು ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಬಂಧ ಓದಿದರು. ಬೈಬಲ್ಲಿನ ಸಾಲು ಸಾಲನ್ನೂ ಹಿಂಜಿ 'ಇದು ಮೂಲ, ಇದು ಪ್ರಕ್ಷಿಪ್ತ, ಇದು ಅವನದಲ್ಲ, ಇವನದು' ಎನ್ನುತ್ತಿದ್ದ ಪಂಡಿತರ ಕಾಲೆಳೆಯುವುದು ಅವರ ಉದ್ದೇಶ. ಅದೇ ವಿಧಾನವನ್ನು ಪತ್ತೇದಾರಿ ಕತೆಗಳಿಗೆ ಹಚ್ಚಿದರು. ಹುಟ್ಟೇ ಇಲ್ಲದ ಯುರೋಪಿನ ವಿದ್ವಾಂಸರನ್ನು ಹುಟ್ಟಿಸಿ ಅವರವರಲ್ಲೇ ಜಗಳ ಹಚ್ಚಿದರು. ಅದನ್ನು ಓದಿದ ಡಾಯ್ಲ್, ಇಂಥ ಸರಕಿಗೆ ಯಾರಾದರೂ ಇಷ್ಟು ಶ್ರಮ ಹಾಕುತ್ತಾರಲ್ಲ ಎಂದು ಬೆರಗಾಗಿ ನಾಕ್ಸ್‌ಗೆ ಕಾಗದ ಬರೆದರು. ನಾಕ್ಸ್ ಮುಂದೆ ಪಾದ್ರಿಯಾಗಿ ಇಡೀ ಬೈಬಲ್ಲನ್ನು ಇಂಗ್ಲಿಷಿಗೆ ಹೊಸದಾಗಿ ತಂದರು. ಹೋಮ್ಸ್ ಪಂಥದವರು ಮಾತ್ರ ಅವರನ್ನು ನೆನೆಯುವುದು ಆ ಗೇಲಿಗಾಗಿ.

ಆಮೇಲೆ ಬಂದ ಪತ್ತೇದಾರಿ ಕಾದಂಬರಿಕಾರ್ತಿ ಡೊರೊಥಿ ಸೇಯರ್ಸ್ ಈ ಆಟಕ್ಕೆ ನಿಯಮ ಹಾಕಿದರು. ಲಾರ್ಡ್ಸ್ ಮೈದಾನದಲ್ಲಿ ನಡೆಯುವ ಕೌಂಟಿ ಕ್ರಿಕೆಟ್ಟಿನಷ್ಟೇ ಗಂಭೀರವಾಗಿ ಆಡಬೇಕು, ಎಲ್ಲಿಯೂ ನಗಬಾರದು. ಅವರೇ ಒಂದು ಮಾದರಿ ಇನಿಂಗ್ಸ್ ಆಡಿ ತೋರಿಸಿದರು. 'ದಿ ಮ್ಯಾನ್ ವಿತ್ ದಿ ಟ್ವಿಸ್ಟೆಡ್ ಲಿಪ್' ಕತೆಯಲ್ಲಿ ಜಾನ್ ವಾಟ್ಸನ್ನನ ಹೆಂಡತಿ ಗಂಡನನ್ನು 'ಜೇಮ್ಸ್' ಎಂದು ಕರೆದುಬಿಡುತ್ತಾಳೆ. ಮನೆಯಲ್ಲಿ ಬೇರೆ ಗಂಡಸರಿಲ್ಲ. ಸೇಯರ್ಸ್ ತೀರ್ಪು: ಜಾನ್ ಎಚ್. ಎಂಬಲ್ಲಿನ 'ಎಚ್' ಎಂದರೆ ಹೇಮಿಶ್, ಹೇಮಿಶ್ ಎಂಬುದು ಜೇಮ್ಸ್ ಹೆಸರಿನ ಸ್ಕಾಟಿಷ್ ರೂಪ, ಆಕೆ ಮುದ್ದಿನಿಂದ ಕರೆದದ್ದು. ಒಂದು ಸಂಸಾರ ಉಳಿಯಿತು.

ಕ್ಯಾನನ್‌ನಲ್ಲಿ 4 ಕಾದಂಬರಿ, 56 ಕತೆ, ಒಟ್ಟು 60. ಇದನ್ನು ಬಾಯಿಪಾಠ ಒಪ್ಪಿಸುವುದು ಸುಲಭ. ಅರವತ್ತೇ ಏಕೆ ಎಂದು ಕೇಳಿದರೆ ಸಭೆ ಒಡೆಯುತ್ತದೆ. 1896ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ ಡಾಯ್ಲ್ ಒಂದು ಪುಟಾಣಿ ಹೋಮ್ಸ್ ಪ್ರಸಂಗ ಬರೆದುಕೊಟ್ಟರು, ಚಂದಾ ಎತ್ತುವ ಕಾರ್ಯಕ್ರಮಕ್ಕಾಗಿ. ಹೋಮ್ಸ್ ಇದ್ದಾನೆ, ವಾಟ್ಸನ್ ಇದ್ದಾನೆ, ತಿಂಡಿಯ ಮೇಜೂ ಇದೆ. ಕ್ಯಾನನ್ ಅಲ್ಲ. ರಾಣಿ ಮೇರಿಯ ಬೊಂಬೆಮನೆಯ ಗ್ರಂಥಾಲಯಕ್ಕೆಂದು ಬೆರಳುದ್ದದ ಪುಸ್ತಕದಲ್ಲಿ ಸುಮಾರು 500 ಪದಗಳ ಇನ್ನೊಂದು ಬರೆದರು. ಅದೂ ಅಲ್ಲ. ಬರೆದವರು ಡಾಯ್ಲ್ ಎಂಬುದರಲ್ಲಿ ಯಾರಿಗೂ ಎಳ್ಳಷ್ಟು ಸಂಶಯವಿಲ್ಲ. ಆದರೆ ಅವರು ಬರೀ ಏಜೆಂಟ್, ಅವರ ಸಹಿಗೆ ಬೆಲೆಯೇನು?

ಇದಕ್ಕಿಂತ ಸೊಗಸಾದದ್ದು 1898ರ 'ದಿ ಲಾಸ್ಟ್ ಸ್ಪೆಷಲ್'. ಒಂದು ವಿಶೇಷ ರೈಲು ಎರಡು ನಿಲ್ದಾಣಗಳ ನಡುವೆ ಮಾಯವಾಗುತ್ತದೆ. ಹೆಸರು ಹೇಳದ ಒಬ್ಬ 'ಖ್ಯಾತ ಹವ್ಯಾಸಿ ತರ್ಕಪಟು' ಪತ್ರಿಕೆಗೆ ಕಾಗದ ಬರೆದು, ಅಸಾಧ್ಯವಾದದ್ದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದೇ ಸತ್ಯ ಎಂಬ ಹೋಮ್ಸ್ ಧಾಟಿಯಲ್ಲೇ ವಾದಿಸುತ್ತಾನೆ. ಇವನು ಹೋಮ್ಸ್ ಅಲ್ಲದೆ ಇನ್ಯಾರು ಎನ್ನುವವರು ಕತೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ತೊಂದರೆ ಏನೆಂದರೆ ಕಾಗದ ಬರೆದವನ ತರ್ಕ ತಪ್ಪು. ಮುಚ್ಚಿಹೋದ ಗಣಿಗಳ ಹಳಿಗಳನ್ನು ಬಿಟ್ಟು ಚಾಲ್ತಿಯಲ್ಲಿರುವ ಗಣಿಗಳನ್ನು ನೋಡಿ ಎನ್ನುತ್ತಾನೆ. ರೈಲು ಹೋಗಿ ಬಿದ್ದಿರುವುದು ಮುಚ್ಚಿಹೋದ ಗಣಿಗೇ. ಹೋಮ್ಸ್ ತಪ್ಪುವುದುಂಟೆ, ಆದ್ದರಿಂದ ಅವನು ಹೋಮ್ಸ್ ಅಲ್ಲ ಎಂದು ಒಂದು ಗುಂಪು. ತಪ್ಪಿದ್ದಕ್ಕೇ ಅಲ್ಲವೇ ಹೆಸರು ಮುಚ್ಚಿಟ್ಟದ್ದು ಎಂದು ಇನ್ನೊಂದು. ಎರಡನೆಯ ಗುಂಪಿನವರ ಮೆದುಳಿಗೆ ನಮಸ್ಕಾರ.

ಅರವತ್ತೊಂದನೆಯದಾಗಲು ಹೊರಟ ಒಂದು ಕತೆಯ ಗತಿಯನ್ನೂ ಇಲ್ಲೇ ಹೇಳಬೇಕು. ಡಾಯ್ಲ್ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳ ನಡುವೆ 'ದಿ ಮ್ಯಾನ್ ಹೂ ವಾಸ್ ವಾಂಟೆಡ್' ಎಂಬ ಟೈಪಾದ ಕತೆ ಸಿಕ್ಕಿತು. 1948ರಲ್ಲಿ ಡಾಯ್ಲ್ ಹೆಸರಿನಲ್ಲೇ ಅಚ್ಚಾಯಿತು. ಆಗ ಒಬ್ಬ ನಿವೃತ್ತ ವಾಸ್ತುಶಿಲ್ಪಿ, ಅಲ್ಲ ಸ್ವಾಮಿ, ಅದನ್ನು ಬರೆದವನು ನಾನು ಎಂದರು. ಹಿಂದೆ ಡಾಯ್ಲ್‌ಗೆ ಕಳಿಸಿದ್ದರು, ಡಾಯ್ಲ್ ಅಲ್ಪಸ್ವಲ್ಪ ಹಣ ಕೊಟ್ಟು ಕೊಂಡು ಇಟ್ಟುಕೊಂಡಿದ್ದರು. ಡಾಯ್ಲ್ ಬರೆದಿದ್ದ ಕಾಗದವೇ ಅವರ ಬಳಿ ಇತ್ತು. ಕಾಗದ ಹೊರಬಿದ್ದ ಮೇಲೆ ಕತೆಯ ಬೆಲೆ ಬಿತ್ತು. ಅದರ ಒಂದಕ್ಷರವೂ ಬದಲಾಗಿರಲಿಲ್ಲ.

ಇರುವ ಅರವತ್ತರಲ್ಲೂ ಸುಖವಿಲ್ಲ. ಹೊಸದಾಗಿ ಪುಸ್ತಕ ಕೊಳ್ಳುವವರಿಗೆ ಒಂದು ಉಪಯುಕ್ತ ಸೂಚನೆ: 'ದಿ ಕಾರ್ಡ್‌ಬೋರ್ಡ್ ಬಾಕ್ಸ್' ಎಲ್ಲಿದೆ ನೋಡಿ. 1893ರ ಜನವರಿಯಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಬಂದ ಈ ಕತೆಯನ್ನು ಇಂಗ್ಲೆಂಡಿನಲ್ಲಿ ಸಂಕಲನ ಮಾಡುವಾಗ ಕೈಬಿಟ್ಟರು. ಆದರೆ ಅದರ ಆರಂಭದಲ್ಲಿ ಹೋಮ್ಸ್ ವಾಟ್ಸನ್ನನ ಮನಸ್ಸನ್ನು ಓದುವ ಭಾಗ ಚೆನ್ನಾಗಿತ್ತಲ್ಲ, ಅದನ್ನು ಎತ್ತಿ 'ದಿ ರೆಸಿಡೆಂಟ್ ಪೇಷೆಂಟ್' ಕತೆಗೆ ಅಂಟಿಸಿದರು. 1917ರಲ್ಲಿ ಬಿಟ್ಟ ಕತೆಯನ್ನು ಬೇರೊಂದು ಸಂಕಲನಕ್ಕೆ ಸೇರಿಸಿದರು. ಅಂಟಿಸಿದ್ದನ್ನು ಕಿತ್ತಿದ್ದಾರೋ ಇಲ್ಲವೋ ಎಂಬುದು ನೀವು ಕೊಂಡ ಆವೃತ್ತಿಯ ಮೇಲೆ. ಕಿತ್ತಿಲ್ಲವಾದರೆ ಆಗಸ್ಟ್ ತಿಂಗಳ ಸುಡುಬಿಸಿಲಲ್ಲಿ ಒಮ್ಮೆ, ಅಕ್ಟೋಬರ್ ತಿಂಗಳ ಮಳೆಯಲ್ಲಿ ಇನ್ನೊಮ್ಮೆ, ವಾಟ್ಸನ್ ಅದನ್ನೇ ಯೋಚಿಸುತ್ತಾನೆ, ಹೋಮ್ಸ್ ಅದನ್ನೇ ಕಂಡುಹಿಡಿಯುತ್ತಾನೆ, ವಾಟ್ಸನ್ ಮತ್ತೆ ಬೆಚ್ಚಿಬೀಳುತ್ತಾನೆ.

ಈ ಲೋಕದಲ್ಲಿ ಹೆಸರು ಮಾಡಬೇಕಿದ್ದರೆ ಕಾಲನಿರ್ಣಯಕ್ಕೆ ಇಳಿಯಬೇಕು. ಕ್ರಮ ಹೀಗೆ. ಕತೆಯೊಳಗಿನ ತಾರೀಖುಗಳನ್ನು ಮೊದಲು ಗುರುತುಹಾಕಿಕೊಳ್ಳಿ. ಆ ವರ್ಷದ ಕ್ಯಾಲೆಂಡರ್ ತೆಗೆದು ವಾರ ಹೊಂದಿಸಿ. ದುಡ್ಡು ಕೈ ಬದಲಾಯಿಸಿದ್ದರೆ ಅದನ್ನೂ ಕೂಡಿಸಿ. 'ದಿ ರೆಡ್-ಹೆಡೆಡ್ ಲೀಗ್' ತೆಗೆದುಕೊಳ್ಳಿ. ಕೆಂಪುಗೂದಲಿನ ಗಿರವಿ ಅಂಗಡಿಯವನೊಬ್ಬನಿಗೆ ವಿಶ್ವಕೋಶ ನಕಲು ಮಾಡುವ ಕೆಲಸ, ವಾರಕ್ಕೆ 4 ಪೌಂಡ್ ಸಂಬಳ. ಜಾಹೀರಾತು ಬಂದ ಪತ್ರಿಕೆಯ ತಾರೀಖು 1890ರ ಏಪ್ರಿಲ್ 27. ಅದನ್ನು ಕೈಯಲ್ಲಿ ಹಿಡಿದ ವಾಟ್ಸನ್ 'ಸರಿಯಾಗಿ ಎರಡು ತಿಂಗಳ ಹಿಂದಿನದು' ಎನ್ನುತ್ತಾನೆ. ಕಚೇರಿ ಮುಚ್ಚಿದ ಚೀಟಿಯಲ್ಲಿರುವುದು ಅಕ್ಟೋಬರ್ 9. ಏಪ್ರಿಲ್ ಕೊನೆಯಿಂದ ಅಕ್ಟೋಬರಿಗೆ ಐದು ತಿಂಗಳು ದಾಟುತ್ತದೆ. ಕೈಗೆ ಬಂದ ಒಟ್ಟು ಸಂಬಳ 32 ಪೌಂಡ್, ಎಂದರೆ ಎಂಟು ವಾರ. ಅಂದು ಶನಿವಾರ ಎಂದು ಹೋಮ್ಸ್ ಹೇಳುತ್ತಾನೆ. 1890ರ ಅಕ್ಟೋಬರ್ 9 ಗುರುವಾರ.

ಇಲ್ಲಿ ಕೈಚಳಕ ಬೇಕು. ದುಡ್ಡನ್ನೂ ವಾರವನ್ನೂ ಉಳಿಸಿಕೊಂಡು ತಾರೀಖುಗಳನ್ನು ಬಲಿ ಕೊಡುವುದು ರೂಢಿ. ಮನುಷ್ಯ ತಾರೀಖು ಮರೆಯಬಹುದು, ಬಂದ ಸಂಬಳ ಮರೆಯುವುದಿಲ್ಲ ಎಂಬ ನಂಬಿಕೆ ಎಲ್ಲ ದೇಶದಲ್ಲೂ ಇದೆ. ಸೇಯರ್ಸ್ ಹಿಡಿದದ್ದೂ ಇದೇ ದಾರಿ. ಅದು ಏಪ್ರಿಲ್ ಅಲ್ಲ, ಆಗಸ್ಟ್. ವಾಟ್ಸನ್ ಡಾಕ್ಟರಾದ್ದರಿಂದ ಅವನ ಕೈಬರಹ ಅಚ್ಚಿನ ಮೊಳೆ ಜೋಡಿಸುವವನಿಗೆ ತಿಳಿಯಲಿಲ್ಲ! ಡಾಕ್ಟರ ಕೈಬರಹ ಎಂಬುದು ಈ ಶಾಸ್ತ್ರದ ರಾಮಬಾಣ. ಆದರೆ ಮಿತವಾಗಿ ಬಳಸಿ. 'ವಿಸ್ಟೀರಿಯಾ ಲಾಡ್ಜ್' ನಡೆಯುವುದು 1892ರ ಮಾರ್ಚ್ ಕೊನೆಯಲ್ಲಿ. 1891ರ ಮೇ 4ರಿಂದ 1894ರ ವಸಂತದವರೆಗೆ ಹೋಮ್ಸ್ ಸತ್ತಿದ್ದಾನೆ ಎಂದು ಲೋಕವೆಲ್ಲ, ವಾಟ್ಸನ್ ಸಹಿತ, ನಂಬಿತ್ತು. ಸತ್ತ ಗೆಳೆಯನ ಜೊತೆ ಕೂತು ಊಟ ಮಾಡಿದ್ದನ್ನು ಕೈಬರಹದ ಮೇಲೆ ಹಾಕುವುದು ಸ್ವಲ್ಪ ಕಷ್ಟ.

ಹಾವಿನ ವಿಷಯಕ್ಕೆ ಬಂದರೆ ನಾವು ಸುಮ್ಮನಿರುವಂತಿಲ್ಲ, ಅದು ನಮ್ಮ ಕಡೆಯದು. 'ದಿ ಸ್ಪೆಕಲ್ಡ್ ಬ್ಯಾಂಡ್' ಕತೆಯಲ್ಲಿ ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ದುಷ್ಟನೊಬ್ಬ ಇಂಗ್ಲೆಂಡಿನಲ್ಲಿ ಹಾವು ಸಾಕಿ ಕೊಲೆ ಮಾಡುತ್ತಾನೆ. ಹಾವಿನ ಹೆಸರು ಸ್ವಾಂಪ್ ಆ್ಯಡರ್, 'ಭಾರತದ ಅತಿ ಘೋರ ಹಾವು' ಎಂಬುದು ಹೋಮ್ಸ್ ಕೊಟ್ಟ ಪ್ರಮಾಣಪತ್ರ. ಭಾರತದಲ್ಲಿ ಆ ಹೆಸರಿನ ಹಾವಿಲ್ಲ. ಅದರ ವಾಸ ಕಬ್ಬಿಣದ ತಿಜೋರಿಯಲ್ಲಿ, ಆಹಾರ ತಟ್ಟೆಯಲ್ಲಿಟ್ಟ ಹಾಲು. ಗೋಡೆಯ ಕಿಂಡಿಯಿಂದ ಗಂಟೆಯ ಹಗ್ಗ ಹಿಡಿದು ಇಳಿಯುತ್ತದೆ, ಯಜಮಾನ ಶಿಳ್ಳೆ ಹೊಡೆದರೆ ಅದೇ ಹಗ್ಗ ಹತ್ತಿ ವಾಪಸು ಬರುತ್ತದೆ. ಕಚ್ಚಿದರೆ ಹತ್ತು ಸೆಕೆಂಡಿನೊಳಗೆ ಸಾವು. ಹಾವಿಗೆ ಹೊರಗಿವಿ ಇಲ್ಲ, ಶಿಳ್ಳೆಗೆ ಓಗೊಟ್ಟು ಬರುವ ಬುದ್ಧಿಯೂ ಇಲ್ಲ. ಹಾಲು ಅದರ ಆಹಾರವಲ್ಲ. ಯಾವ ಹಾವಿನ ವಿಷವೂ ಮನುಷ್ಯನನ್ನು ಹತ್ತು ಎಣಿಸುವಷ್ಟರಲ್ಲಿ ಮುಗಿಸುವುದಿಲ್ಲ. ಹಾಲಿನ ಮಟ್ಟಿಗೆ ಮಾತ್ರ ಲಂಡನ್ನಿನ ಪತ್ತೇದಾರನಿಗೂ ನಮ್ಮ ನಾಗರಪಂಚಮಿಯ ಹುತ್ತದ ಮುಂದಿನ ಸಾಲಿಗೂ ಪೂರ್ಣ ಒಮ್ಮತವಿದೆ.

ಪಂಡಿತರು ಕೈಚೆಲ್ಲಲಿಲ್ಲ. ನಾಗರ ಎಂದರು, ಕೊಳಕುಮಂಡಲ ಎಂದರು. ನಾಗರಹಾವಿಗೂ ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ವಿಷದ ಹಲ್ಲಿಗೂ ಆ ವೈದ್ಯ ಗುಟ್ಟಾಗಿ ಕಸಿ ಮಾಡಿದ್ದ ಎಂದವರೂ ಉಂಟು. ಹಲ್ಲಿಯ ಕಡೆಯಿಂದ ಕಿವಿ ಮತ್ತು ಹಗ್ಗ ಹಿಡಿಯಲು ಕಾಲು, ನಾಗರದ ಕಡೆಯಿಂದ ವಿಷ. ಕತೆಯಲ್ಲಿ ಅದೇ ವೈದ್ಯನ ತೋಟದಲ್ಲಿ ಭಾರತದಿಂದ ತರಿಸಿದ ಬಬೂನ್ ಕೂಡ ಅಡ್ಡಾಡುತ್ತದೆ. ಬಬೂನ್ ಭಾರತದ ಕಾಡಿನ ಪ್ರಾಣಿಯೇ ಅಲ್ಲ. ಹಾವಿಗಾಗಿ ಇಷ್ಟು ಬೆವರು ಸುರಿಸಿದವರು ಆ ಬಡ ಮಂಗಕ್ಕೆ ಅದರ ಕಾಲುಭಾಗವನ್ನೂ ಸುರಿಸಲಿಲ್ಲ. ಅಂದಹಾಗೆ 1927ರಲ್ಲಿ ತಮ್ಮ ಮೆಚ್ಚಿನ ಹನ್ನೆರಡು ಕತೆಗಳನ್ನು ಆರಿಸುವಾಗ ಡಾಯ್ಲ್ ಮೊದಲ ಸ್ಥಾನ ಕೊಟ್ಟದ್ದು ಈ ಹಾವಿಗೇ.

ಹೋಮ್ಸ್ ಹುಟ್ಟಿದ ದಿನ ಜನವರಿ 6. ಯಾವ ಕತೆಯಲ್ಲೂ ಹೀಗೆಂದು ಬರೆದಿಲ್ಲ. 'ದಿ ವ್ಯಾಲಿ ಆಫ್ ಫಿಯರ್' ಶುರುವಾಗುವುದು ಒಂದು ಜನವರಿ 7ರ ಬೆಳಿಗ್ಗೆ. ಹೋಮ್ಸ್ ತಲೆಗೆ ಕೈ ಕೊಟ್ಟು ಕೂತಿದ್ದಾನೆ, ಮುಂದಿರುವ ತಿಂಡಿ ಮುಟ್ಟಿಲ್ಲ. ಎಂದರೆ ಹಿಂದಿನ ರಾತ್ರಿ ಜಾಸ್ತಿಯಾಗಿದೆ. ಜಾಸ್ತಿಯಾಗಿದೆ ಎಂದರೆ ಪಾರ್ಟಿ, ಪಾರ್ಟಿ ಎಂದರೆ ಹುಟ್ಟುಹಬ್ಬ. ಸಾಲದ್ದಕ್ಕೆ ಅವನು ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದ ಸಾಲನ್ನು ಬೇರೆ ಬೇರೆ ಕತೆಗಳಲ್ಲಿ ಎರಡು ಸಲ ಹೇಳುತ್ತಾನೆ, ಆ ಹೆಸರಿನ ಕ್ರೈಸ್ತ ಹಬ್ಬ ಬೀಳುವುದು ಜನವರಿಯ ಅದೇ ಹೊತ್ತಿಗೆ. 1914ರಲ್ಲಿ ನಡೆಯುವ ಕತೆಯಲ್ಲಿ ಅವನಿಗೆ ಅರವತ್ತು, ಆದ್ದರಿಂದ ಹುಟ್ಟಿದ ವರ್ಷ 1854. ತಲೆನೋವು ನೋಡಿ ಜಾತಕ ಬರೆದ ಈ ವಿದ್ಯೆಯ ಮೇಲೆಯೇ ನ್ಯೂಯಾರ್ಕಿನಲ್ಲಿ 1934ರಲ್ಲಿ ಕ್ರಿಸ್ಟೋಫರ್ ಮಾರ್ಲಿ ಕಟ್ಟಿದ ಬೇಕರ್ ಸ್ಟ್ರೀಟ್ ಇರ್‍ರೆಗ್ಯುಲರ್ಸ್ ಬಳಗ ಜನವರಿಯಲ್ಲಿ ವಾರ್ಷಿಕ ಔತಣ ಮಾಡುತ್ತದೆ.

1941ರ ಅಂಥದೇ ಔತಣದಲ್ಲಿ ಪತ್ತೇದಾರಿ ಕಾದಂಬರಿಕಾರ ರೆಕ್ಸ್ ಸ್ಟೌಟ್ ಎದ್ದು ನಿಂತು, ವಾಟ್ಸನ್ ಗಂಡಸೇ ಅಲ್ಲ, ಹೋಮ್ಸ್‌ನ ಹೆಂಡತಿ ಎಂದು ಸಾಧಿಸಿದರು. ಪುರಾವೆ: ಹನ್ನೊಂದು ಕತೆಗಳ ಶೀರ್ಷಿಕೆಗಳ ಮೊದಲ ಅಕ್ಷರ ಜೋಡಿಸಿದರೆ 'ಐರೀನ್ ವಾಟ್ಸನ್' ಎಂದಾಗುತ್ತದೆ. ಆಗುತ್ತದೆ, ನಿಜ. ಅರವತ್ತು ಶೀರ್ಷಿಕೆ ಕೈಯಲ್ಲಿದ್ದರೆ ನಿಮ್ಮ ಮನೆ ಓನರ್ ಹೆಸರೂ ಆಗುತ್ತದೆ.

ಇತ್ತ ಊರ ಜನ ಕ್ಯಾನನ್ ಎಂದುಕೊಂಡದ್ದು ಕ್ಯಾನನ್‌ನಲ್ಲಿಲ್ಲ. ಬೇಟೆಗಾರರ ಆ ಎರಡು ಮೂತಿಯ ಟೋಪಿಯನ್ನು ಹೋಮ್ಸ್ ತಲೆಗೆ ಕೂರಿಸಿದ್ದು ಚಿತ್ರಕಾರ ಸಿಡ್ನಿ ಪ್ಯಾಜೆಟ್. ಡೊಂಕು ಪೈಪು ಬಂದದ್ದು ವಿಲಿಯಂ ಜಿಲೆಟ್ ಎಂಬ ನಟನ ರಂಗವೇಷದಿಂದ. 'ಎಲಿಮೆಂಟರಿ, ಮೈ ಡಿಯರ್ ವಾಟ್ಸನ್' ಎಂಬ ಸಾಲು ಅರವತ್ತರಲ್ಲಿ ಎಲ್ಲೂ ಇಲ್ಲ. ಆ ಜಿಲೆಟ್ ನಾಟಕ ಬರೆಯುವಾಗ, ಹೋಮ್ಸ್‌ಗೆ ಮದುವೆ ಮಾಡಿಸಬಹುದೇ ಎಂದು ಡಾಯ್ಲ್‌ಗೆ ತಂತಿ ಕಳಿಸಿದ್ದರು. ಮದುವೆ ಮಾಡಿಸಿ, ಕೊಲ್ಲಿ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಉತ್ತರ ಬಂತು. ಕ್ಯಾನನ್ ಬಗ್ಗೆ ಏಜೆಂಟರು ಹೊರಡಿಸಿದ ಏಕೈಕ ಸುತ್ತೋಲೆ ಇದು. ಯಾರೂ ಜಾರಿಗೆ ತರಲಿಲ್ಲ.

ಅಭಿಮಾನಿಗಳಾದರೂ ಒಳಗೊಳಗೆ ನಗುತ್ತಾ ಆಡಿದವರು. ನಗದೆ ಆಡಿದವರು ಸಂಸ್ಥೆಗಳು. ಕತೆಗಳಲ್ಲಿ ಹೋಮ್ಸ್ ವಿಳಾಸ ಲಂಡನ್ನಿನ 221ಬಿ, ಬೇಕರ್ ಸ್ಟ್ರೀಟ್. ಆ ರಸ್ತೆಯಲ್ಲಿ ಹೋಮ್ಸ್ ಕಾಲಕ್ಕೆ 221 ಎಂಬ ಮನೆಯೇ ಇರಲಿಲ್ಲ. ಮುಂದೆ ರಸ್ತೆಯ ನಂಬರುಗಳು ಬದಲಾಗಿ ಆ ಜಾಗ ಅಬ್ಬೆ ನ್ಯಾಷನಲ್ ಎಂಬ ಹಣಕಾಸು ಸಂಸ್ಥೆಯ ಕಚೇರಿಯೊಳಗೆ ಸೇರಿತು. ಹೋಮ್ಸ್ ಹೆಸರಿಗೆ ಬರುವ ಕಾಗದಗಳಿಗೆ ಉತ್ತರ ಬರೆಯಲೆಂದೇ ಅವರು ಒಬ್ಬ ಸೆಕ್ರೆಟರಿಯನ್ನು ಇಟ್ಟರು. 1990ರಲ್ಲಿ ಅದೇ ರಸ್ತೆಯ 237 ಮತ್ತು 241ರ ನಡುವೆ ಹೋಮ್ಸ್ ಮ್ಯೂಸಿಯಂ ತೆರೆಯಿತು, 221ಬಿ ಎಂಬ ಫಲಕ ಹಾಕಿಕೊಂಡಿತು, ಕಾಗದಗಳು ತನಗೆ ಬರಬೇಕೆಂದಿತು. ಇರದ ಮನೆಗೆ, ಇರದ ಮನುಷ್ಯನ ಹೆಸರಿಗೆ ಬಂದ ಟಪಾಲು ಯಾರದೆಂದು ಎರಡು ಸಂಸ್ಥೆಗಳು ವರ್ಷಗಟ್ಟಲೆ ಜಗ್ಗಾಡಿದವು. ಸಂಸ್ಥೆ ಆ ಕಟ್ಟಡ ಬಿಟ್ಟ ಮೇಲಷ್ಟೇ ಪೋಸ್ಟ್‌ಮ್ಯಾನ್ ಪಾರಾದ.

ವಕೀಲರು ಬಂದ ಮೇಲಂತೂ ಆಟ ಬೇರೆಯೇ ಆಯಿತು. ಅಮೆರಿಕದಲ್ಲಿ 1923ಕ್ಕೆ ಮೊದಲಿನ ಕತೆಗಳೆಲ್ಲ ಕಾಪಿರೈಟ್ ಕಳೆದುಕೊಂಡು ಹತ್ತು ಮಾತ್ರ ಉಳಿದಿದ್ದವು. ಹೊಸ ಹೋಮ್ಸ್ ಕತೆಗಳ ಸಂಕಲನ ಮಾಡಹೊರಟ ಲೆಸ್ಲಿ ಕ್ಲಿಂಗರ್ ಪುಸ್ತಕಕ್ಕೆ ಡಾಯ್ಲ್ ಎಸ್ಟೇಟ್, ಎಂದರೆ ಅವರ ಬರಹಗಳ ಹಕ್ಕುದಾರ ಸಂಸ್ಥೆ, 5,000 ಡಾಲರ್ ಲೈಸೆನ್ಸ್ ಕೇಳಿತು. 2013ರಲ್ಲಿ ಅವರು ಕೋರ್ಟಿಗೆ ಹೋದರು. ಎಸ್ಟೇಟಿನ ವಾದ: ಹೋಮ್ಸ್ ಎಂಬ ವ್ಯಕ್ತಿತ್ವ ಪೂರ್ಣವಾದದ್ದು ಕೊನೆಯ ಕತೆಯಲ್ಲಿ, ಆದ್ದರಿಂದ ಇಡೀ ಮನುಷ್ಯ ಇನ್ನೂ ನಮ್ಮವನು. ಆ ಹತ್ತರಲ್ಲಿ ಹೊಸದಾಗಿ ಏನೇನಿದೆ ಎಂಬ ಪಟ್ಟಿಯಲ್ಲಿ ಎರಡು ಅಂಶ ಗಮನಾರ್ಹ. ವಾಟ್ಸನ್ನನ ಎರಡನೆಯ ಮದುವೆ, ಮತ್ತು ಹೋಮ್ಸ್‌ಗೆ ನಾಯಿಗಳ ಮೇಲೆ ಹುಟ್ಟಿದ ಪ್ರೀತಿ. ವಾಟ್ಸನ್‌ಗೆ ಹೆಂಡತಿಯರು ಎಷ್ಟು ಎಂದು ಅಭಿಮಾನಿಗಳು ಎರಡರಿಂದ ಆರರವರೆಗೆ ಹರಾಜು ಕೂಗುತ್ತಿದ್ದಾಗ ಅಮೆರಿಕದ ಫೆಡರಲ್ ಕೋರ್ಟಿನ ಕಡತದಲ್ಲಿ ಎರಡು ಎಂದು ದಾಖಲಾಯಿತು, ಎರಡನೆಯವಳು ಕಾಪಿರೈಟಿಗೆ ಒಳಪಟ್ಟವಳು. ಹೋಮ್ಸ್ ಮಾತ್ರ ಎಸ್ಟೇಟಿನ ಕೈತಪ್ಪಿದ. 2014ರಲ್ಲಿ ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ವಾದವನ್ನು ತಳ್ಳಿಹಾಕಿ, ಕ್ಲಿಂಗರ್‌ಗೆ ವಕೀಲರ ಖರ್ಚೆಂದು 30,679 ಡಾಲರ್ 93 ಸೆಂಟ್ ಕೊಡಿಸಿದರು. 5,000ಕ್ಕೆ ಕೈ ಚಾಚಿ ಆರು ಪಟ್ಟು ತೆತ್ತದ್ದು.

2020ರಲ್ಲಿ ಎಸ್ಟೇಟಿನವರು ಮತ್ತೆ ಬಂದರು. ಈ ಸಲ ಹೋಮ್ಸ್‌ನ ತಂಗಿಯನ್ನು ನಾಯಕಿಯಾಗಿಸಿದ 'ಎನೋಲಾ ಹೋಮ್ಸ್' ಸಿನಿಮಾ ಮೇಲೆ. ಅದರಲ್ಲಿ ಹೋಮ್ಸ್ ಭಾವನೆ ತೋರಿಸುತ್ತಾನೆ, ಹೆಂಗಸರನ್ನು ಗೌರವಿಸುತ್ತಾನೆ, ಆ ಸದ್ಗುಣಗಳು ಕೊನೆಯ ಕತೆಗಳಲ್ಲಷ್ಟೇ ಬಂದವು, ಅವಕ್ಕೆ ಇನ್ನೂ ಹಕ್ಕಿದೆ ಎಂಬ ದೂರು. ಹೋಮ್ಸ್ ಒರಟನಾಗಿದ್ದರೆ ಬಿಟ್ಟಿ, ಮನುಷ್ಯನಾದರೆ ಶುಲ್ಕ! ಕೋರ್ಟು ತೀರ್ಪು ಕೊಡುವ ಮೊದಲೇ ಆ ವರ್ಷದ ಕೊನೆಗೆ ದಾವೆ ಕೊನೆಗೊಂಡಿತು. ಕ್ಯಾನನ್ ಬಾಯಿಪಾಠ ಇರುವ ಯಾವ ಅಭಿಮಾನಿಯಾದರೂ ಈ ವಾದಗಳನ್ನು ಕಾಫಿ ಆರುವ ಮೊದಲು ಮುಗಿಸುತ್ತಿದ್ದ. 1910ರ 'ದಿ ಡೆವಿಲ್ಸ್ ಫುಟ್' ಕತೆಯಲ್ಲೇ ಹೋಮ್ಸ್ ನಡುಗುವ ದನಿಯಲ್ಲಿ ವಾಟ್ಸನ್ನನ ಕ್ಷಮೆ ಕೇಳಿದ್ದಾನೆ. ನಾಯಿಯ ವಿಚಾರಕ್ಕೆ ಬಂದರೆ, 1890ರಲ್ಲೇ ಟೋಬಿ ಎಂಬ ನಾಯಿಯನ್ನು ತರಿಸಿಕೊಂಡು, ಲಂಡನ್ನಿನ ಇಡೀ ಪತ್ತೇದಾರಿ ಪಡೆಗಿಂತ ಇದರ ನೆರವೇ ಮೇಲು ಎಂದಿದ್ದಾನೆ.

2023ರ ಜನವರಿ 1ಕ್ಕೆ ಕೊನೆಯ ಕತೆಗಳ ಹಕ್ಕೂ ತೀರಿತು. ಈಗ ಅಮೆರಿಕದಲ್ಲೂ ಹೋಮ್ಸ್ ಯಾರ ಅಪ್ಪಣೆಯೂ ಇಲ್ಲದೆ ಅಳಬಹುದು, ನಾಯಿಯ ಬೆನ್ನು ಸವರಬಹುದು. ಯಾವ ನಾಯಿ ಎಂಬುದು ಮಾತ್ರ ಬಾಕಿ. ಮೊದಲ ಕಾದಂಬರಿಯಲ್ಲಿ ಇಬ್ಬರೂ ಸೇರಿ ಬಾಡಿಗೆಗೆ ಕೋಣೆ ಹಿಡಿಯುವಾಗ, ನನ್ನ ಬಳಿ ಒಂದು ಬುಲ್‌ಡಾಗ್ ಮರಿ ಇದೆ ಎಂದು ವಾಟ್ಸನ್ ಮೊದಲೇ ಹೇಳಿದ್ದ. ಆ ಮರಿ ಆಮೇಲೆ ಅರವತ್ತು ಕತೆಗಳಲ್ಲಿ ಎಲ್ಲೂ ಬೊಗಳಿಲ್ಲ. ಅದು ನಾಯಿಯಲ್ಲ, ಪಿಸ್ತೂಲು ಎಂದು ಒಬ್ಬರು, ವಾಟ್ಸನ್ನನ ಮುಂಗೋಪ ಎಂದು ಇನ್ನೊಬ್ಬರು. ಮನೆ ಒಡತಿ ಓಡಿಸಿರಬೇಕು ಎಂದು ಮತ್ತೊಬ್ಬರು.